ಬಲ, ಬಲ, ಎಡ

ನನ್ನ ಲೆಕ್ಕ ಇಷ್ಟೇ: ಬಲ, ಬಲ, ಎಡ,
ಆಮೇಲೆ ಮರಳು.
ಮೂರು ನೆಗೆತಕ್ಕೆ ಎರಡು ಕಾಲು;
ಹೇಗೆ ಹಂಚಿದರೂ ಒಂದು ಅನ್ಯಾಯ ಮಿಗುತ್ತದೆ.
ಬಲಕ್ಕೆ ಹೆಸರಲ್ಲೇ ಬಲ,
ಹೊಸಿಲು ದಾಟುವಾಗಲೂ ಅದಕ್ಕೇ ಮೊದಲ ಮರ್ಯಾದೆ.
ಎಡಕ್ಕೆ ಭಾಷೆ ಕೊಟ್ಟದ್ದು
ಎಡವುವುದೊಂದನ್ನೇ.

ಸಂಪಂಗಿರಾಮನಗರ, ಮೂರನೇ ಮಹಡಿ.
ಲಿಫ್ಟು ಕೆಟ್ಟು ತಿಂಗಳಾಯಿತು.
ತೊಡೆ ಪರೀಕ್ಷೆಗೆ ಬಂದವರು ಹತ್ತಲಿ ಬಿಡಿ
ಎಂದು ನಗುತ್ತಾನೆ ವಾಚ್‌ಮನ್.
ಡಾಕ್ಟರ್ ಫ್ಲೇವಿಯಾ ಮಸ್ಕರೇನಸ್ ಫಾರಂ ಕೊಟ್ಟರು:
ಎತ್ತರ, ತೂಕ, ಕಳೆದ ಮುಟ್ಟಿನ ತಾರೀಖು.
ಪೆನ್ನು ಅಲ್ಲಿ ನಿಂತಿತು.
ಹತ್ತು ವರ್ಷ ಕೋಚಿಗೆ ‘ಹೊಟ್ಟೆನೋವು ಸರ್’
ಎಂದಷ್ಟೇ ಹೇಳಿ ರೂಢಿ.
“ಇಷ್ಟು ದಿನ ಹೆಚ್ಚಾಗಿ ಹುಡುಗರ ಕಾಲನ್ನೇ ಅಳೆದರು,” ಅಂದರು,
“ನಿಮ್ಮದು ತಿಂಗಳಿಗೊಮ್ಮೆ ಲೆಕ್ಕ ಕೆಡಿಸುತ್ತದಂತೆ.”
ಕೆಡಲಿ ಎಂದು
ದಪ್ಪ ಅಂಕಿಯಲ್ಲಿ ಬರೆದೆ.

ಎರಡು ತೊಡೆಗೆ ಎರಡು ಪಟ್ಟಿ, ಹನ್ನೆರಡು ನಿಮಿಷ.
ಒಂದರಲ್ಲಿ ಬೆಳಕಿದೆ, ಒಂದರಲ್ಲಿ ಇಲ್ಲ.
ಯಾವುದರಲ್ಲಿ ಎಂದು ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ;
ಗೊತ್ತಿರುವುದು ಬೀರುವಿನಲ್ಲಿರುವ ಲಕೋಟೆಗೆ.
ಕೆಂಪಿನ ಆಚೆಯ ಬೆಳಕು, ಕಣ್ಣಿಗೆ ಕಾಣದ್ದು;
ಮಾಂಸದೊಳಗಿಳಿದು, ಕೋಶಕೋಶದ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು
ಊದುಕೊಳವೆ ಹಿಡಿಯುತ್ತದಂತೆ.
ಹಾಗಂತ ಒಂದು ಪಕ್ಷ. ಏನೂ ಆಗಲ್ಲ ಎಂದು ಇನ್ನೊಂದು.
ನಡುವೆ ನನ್ನ ಕಾಲು.

ಅಮ್ಮ ಯಶವಂತಪುರ ಡಿಪೋದ ಕಂಡಕ್ಟರು.
ದಿನಕ್ಕೆ ಇನ್ನೂರು ಸಲ ರೈಟ್, ರೈಟ್ ಎನ್ನುವವಳು;
ಲೆಫ್ಟ್ ಎಂದರೆ ಯಾವ ಬಸ್ಸೂ ಹೊರಡುವುದಿಲ್ಲ.
“ಕಾಣದ ದೀಪಕ್ಕೆ ಕರೆಂಟು ಬಿಲ್ಲು ಯಾರು ಕಟ್ತಾರೆ?” ಅಂದಳು ಮೊದಲು.
ಆಮೇಲೆ, ಮೊಣಕಾಲಿಗೆ ನೋವಿನೆಣ್ಣೆ ತಿಕ್ಕುತ್ತ,
“ಹುಟ್ಟಿದ ಮೂರನೇ ದಿನ ಅರಿಸಿನ ಬಳಿದ ಹಾಗಿದ್ದೆ ನೀನು.
ವಾಣಿವಿಲಾಸದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ
ನೀಲಿ ದೀಪದ ಕೆಳಗೆ ಮಲಗಿಸಿದ್ರು.
ಗಾಜಿನಾಚೆ ನಿಂತಿದ್ದೆ. ಒದೀತಾನೇ ಇದ್ದೆ.”
ಯಾವ ಕಾಲಲ್ಲಿ?
“ಎಡಗಾಲಲ್ಲಿ,” ಅಂದಳು, ಚೂರೂ ಯೋಚಿಸದೆ.
ಸುಳ್ಳಿರಬಹುದು.
ಆದರೂ ಅವತ್ತು ರಾತ್ರಿ
ಎಡಗಾಲನ್ನು ರಗ್ಗಿನಿಂದ ಹೊರಗೆ ಚಾಚಿ ಮಲಗಿದೆ,
ಕಿಟಕಿಯ ಕಡೆಗೆ.

ಆರು ವಾರ. ಕುರ್ಚಿಗೆ ಬೆಲ್ಟು ಬಿಗಿದು
ಒದಿ, ಇನ್ನೂ ಜೋರು, ಇನ್ನೊಂದು.
ಪರದೆ ಮೇಲೆ ನನ್ನ ಎರಡು ಕಾಲು, ಎರಡು ಗೀಟು:
ಒಂದು ನಂದಿಬೆಟ್ಟ, ಒಂದು ಬ್ಯೂಗಲ್ ರಾಕು.
ಯಾವುದು ಯಾವುದೆಂದು ನೋಡುವಷ್ಟರಲ್ಲಿ
ಡಾಕ್ಟರು ಫೈಲು ಅಡ್ಡ ಹಿಡಿಯುತ್ತಾರೆ.
ಹ್ಯಾಮರ್ ಎಸೆಯುವ ತಬಸ್ಸುಮ್ ಹೇಳುತ್ತಾಳೆ
“ನಂದು ಎರಡೂ ಖಾಲಿ ಪಟ್ಟಿ, ಪಕ್ಕಾ,”
ಹೇಳಿ ವಾರಕ್ಕೆ ಎರಡು ಕಿಲೋ ಹೆಚ್ಚು ಎತ್ತುತ್ತಾಳೆ.
ಐದನೇ ವಾರ ಮುಟ್ಟಾದೆ. ಹೋದೆ.
ಅದೂ ಒಂದು ಚುಕ್ಕಿಯಾಗಿ ಕೂತಿತು,
ಉಳಿದ ಚುಕ್ಕಿಗಳ ಪಕ್ಕ, ನಾಚದೆ.

ಲಕೋಟೆ ಒಡೆಯುವುದು ಮಾರ್ಚಿಗೆ.
ಇನ್ನೂ ಹತ್ತೊಂಬತ್ತು ಹುಡುಗಿಯರು ಬಾಕಿ,
ಮೂವತ್ತೆಂಟು ಕಾಲು.

ಕಂಠೀರವ, ಸಂಜೆ ಆರೂಕಾಲು.
ದೀಪ ಇನ್ನೂ ಹಾಕಿಲ್ಲ.
ಗೋಡೆಯಾಚೆ ಯಾವುದೋ ಬಸ್ಸಿನ ಬಾಗಿಲು ತಟ್ಟಿ
ಯಾರೋ ಒಬ್ಬಳು, ಅಮ್ಮ ಅಲ್ಲ, ಕೂಗಿದಳು:
ರೈಟ್! ರೈಟ್!
ಓಡಿದೆ. ಹಲಗೆ ಸಿಕ್ಕಿತು.
ಬಲ.
ಬಲ.
ಮೂರನೆಯದಕ್ಕೆ ಎಡಗಾಲು
ನನ್ನನ್ನೂ ಕೇಳದೆ ನೆಲ ಬಿಟ್ಟಿತು.

ಮರಳಲ್ಲಿ ಕೂತು, ಬಾಯಲ್ಲಿದ್ದ ಮರಳು ಉಗಿದು
ತಿರುಗಿ ನೋಡಿದರೆ,
ಟೇಪಿನ ಹುಡುಗ ಕತ್ತಲಲ್ಲಿ ಬಗ್ಗಿ
ಸೊನ್ನೆಯ ತುದಿ ಎಲ್ಲಿ ಹೋಯಿತೆಂದು
ತಡವುತ್ತಿದ್ದ.